ಹೆಣ್ಣುಮಕ್ಕಳ ಕಡೆಯ ನಕ್ಷೆ

ಉಚ್ಚಂಗಮ್ಮ ಮೊದಲು ಕನ್ಯಾಕುಮಾರಿಯನ್ನೇ ಬರೆದಳು.

ಬೂದಿ ತುಂಬಿದ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಕಣದ ನೆಲದ ಮೇಲೆ ಕೂತವಳು, ಕೈ ನಿಲುಕುವಷ್ಟು ದೂರಕ್ಕೆ ಬಾಗಿ ಅಲ್ಲೊಂದು ಚೂಪು ಮೂಡಿಸಿದಳು. ಅಲ್ಲಿಂದ ಕರಾವಳಿ ಎರಡು ಎಳೆಯಾಗಿ ಅವಳ ಕಡೆಗೇ ಬಂತು. ಎಡಕ್ಕೆ ಬಂಗಾಳಕೊಲ್ಲಿ, ಬಲಕ್ಕೆ ಅರಬ್ಬಿ ಸಮುದ್ರ. ಕೊನೆಗೆ ತನ್ನ ಮೊಣಕಾಲಿನ ಹತ್ತಿರ ಭತ್ತದ ಹೊಟ್ಟನ್ನು ಗುಡ್ಡೆ ಮಾಡಿ, ಇದು ಹಿಮಾಲಯ ಅಂದಳು.

ನಾನು ನಿಂತಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಇಡೀ ದೇಶ ತಲೆಕೆಳಗಾಗಿತ್ತು. ಆದರೆ ಒಂದು ಗೆರೆಯೂ ತಪ್ಪಿರಲಿಲ್ಲ.

ಈ ಹುಡುಗಿಗೆ ಸಮಾಜ ವಿಷಯದಲ್ಲಿ ಹತ್ತೊಂಬತ್ತು ಅಂಕ ಕೊಟ್ಟಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರ ನಂಬರು ಪೇಪರಿನಲ್ಲಿ ಬಂದ ದಿನ ಅವಳ ನಂಬರು ಅದರಲ್ಲಿ ಇರಲಿಲ್ಲ. ಉಳಿದ ಎಲ್ಲಾ ವಿಷಯದಲ್ಲೂ ಎಪ್ಪತ್ತರ ಮೇಲೆ. ಇದರಲ್ಲಿ ಮಾತ್ರ ಹತ್ತೊಂಬತ್ತು. ಅವಳ ತಾಯಿ ಓಬವ್ವ ಭಾನುವಳ್ಳಿಯಿಂದ ದಾವಣಗೆರೆಗೆ ಬಂದು, ಕಳೆದದ್ದನ್ನು ಹುಡುಕಿಕೊಡುವವನು ಅಂತ ಹೆಸರಾದ ನನ್ನ ಸೈಕಲ್ ಶಾಪಿನ ಮುಂದೆ ನಿಂತು, ನನ್ನ ಮಗಳ ಕೈಬರಹ ಯಾರೋ ಕದ್ದಾರೆ, ಹುಡುಕಿಕೊಡಪ್ಪಾ ಭರಮಣ್ಣ ಅಂದಿದ್ದಳು. ಕೈಬರಹ ಕದಿಯೋದು ಅಂದರೇನು ಅಂತ ನನಗೆ ಆವತ್ತು ಗೊತ್ತಾಗಿರಲಿಲ್ಲ.

“ಕಾಶ್ಮೀರದಿಂದ ಬರೆಯಾಕ ಬರಲ್ಲೇನು?” ಅಂತ ಕೇಳಿದೆ.

“ಬರ್ತೈತೆ. ಕೈ ಹೊಂದಾಣಿಕೆ ಆಗಲ್ಲ ಅಣ್ಣ. ನಾವು ನೋಡಿದ್ದು ಹಿಂಗೇ.”

ಅವಳು ವಿವರಿಸಿದ್ದು ಇಷ್ಟು. ಈ ಕಣದಲ್ಲಿ ಸುಗ್ಗಿ ಮುಗಿದ ಮೇಲೆ ರೇವಣ್ಣ ಮೇಷ್ಟ್ರು ಊರ ಮಕ್ಕಳಿಗೆ ಪಾಠ ಹೇಳುತ್ತಾರೆ. ಮೇಷ್ಟ್ರು ಅಂದರೆ ಸರ್ಕಾರದವರು ಇಟ್ಟ ಮೇಷ್ಟ್ರಲ್ಲ, ಊರವರೇ ಕರೆದು ಕರೆದು ಆದವರು. ಇಂಟರ್ ಓದಿ, ಬಹಳ ವರ್ಷ ದಾವಣಗೆರೆಯಲ್ಲಿ ಕೆಲಸ ಮಾಡಿ, ಅದು ಹೋದ ಮೇಲೆ ಊರಿಗೆ ಬಂದವರು. ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲು. ವಿಜ್ಞಾನಕ್ಕೆ ನಾಲೆ ನೀರು, ಕಮ್ಮಾರನ ಕುಲುಮೆ. ಚರಿತ್ರೆಗೆ ಕಲ್ಲುಗಳ ಸಾಲು, ಒಂದೊಂದು ಕಲ್ಲಿಗೆ ಒಬ್ಬೊಬ್ಬ ರಾಜ. ಪರೀಕ್ಷೆಯಲ್ಲಿ ಪ್ರಶ್ನೆ ಹೆಂಗೆ ತಿರುಗಿಸಿ ಕೇಳಿದರೂ ಉತ್ತರ ಕಾಲಿನ ಕೆಳಗೇ ಇರಬೇಕು ಅನ್ನೋದು ಅವರ ಮಾತು. ಭೂಗೋಳಕ್ಕೆ ಈ ಬೂದಿಯ ನಕ್ಷೆ.

ಗಂಡು ಹುಡುಗರು ಮೇಷ್ಟ್ರ ಹಿಂದೆ ಕೂಡುತ್ತಾರೆ. ಹೆಣ್ಣುಮಕ್ಕಳು ಕಣದ ಆಚೆ ಕಡೆ, ಎದುರಿಗೆ. ಒಂದೇ ಕಡೆ ಕೂಡ್ರಿಸಿದರೆ ಒಬ್ಬ ಹುಡುಗಿಯನ್ನೂ ಕಳಿಸಲ್ಲ ಅಂತ ಊರ ಹಿರಿಯರು ಮೊದಲ ದಿನವೇ ಹೇಳಿದ್ದರು. ಮೇಷ್ಟ್ರು ಬರೆದ ಭಾರತ ಗಂಡು ಹುಡುಗರಿಗೆ ನೆಟ್ಟಗೆ ಕಂಡಿತು. ಎದುರಿಗೆ ಕೂತವರಿಗೆ ಕನ್ಯಾಕುಮಾರಿ ಮೇಲೆ, ಕಾಶ್ಮೀರ ಕೆಳಗೆ.

“ಮತ್ತೆ ಪರೀಕ್ಷೆಯಾಗ?”

“ಮೇಷ್ಟ್ರು ಹೇಳಿದ್ರು, ನಿನ್ನ ಕೈಗೆ ಹೆಂಗೆ ಬರ್ತೈತೋ ಹಂಗೆ ಬರಿ, ಆಮ್ಯಾಲೆ ಹಾಳಿ ತಿರುವಿ ಊರ ಹೆಸರು ತುಂಬು ಅಂತ. ಹಂಗೇ ಮಾಡ್ದೆ.”

ಅಂದರೆ ಅವಳ ಉತ್ತರಪತ್ರಿಕೆ ತೆರೆದವರಿಗೆ ನಕ್ಷೆಯ ಪುಟ ಮಾತ್ರ ಬುಡಮೇಲು. ತಿರುಗಿಸಿ ಹಿಡಿದರೆ ಎಲ್ಲಾ ಸರಿ. ಭಾನುವಳ್ಳಿಯ ಕಣದಿಂದ ಈ ವರ್ಷ ಪರೀಕ್ಷೆಗೆ ಕೂತ ಹೆಣ್ಣುಮಗಳು ಇವಳೊಬ್ಬಳೇ. ಹರಿಹರದ ಸೆಂಟರಿನಲ್ಲಿ ಹಂಗೆ ನಕ್ಷೆ ಬಿಡಿಸುವವರು ಇನ್ನೊಬ್ಬರು ಇರಲು ಸಾಧ್ಯವೇ ಇಲ್ಲ.

ಅಂಥ ನಕ್ಷೆಯ ಸುದ್ದಿ ನಾನು ಹಿಂದಿನ ದಿನವೇ ಕೇಳಿದ್ದೆ. ಅದಿದ್ದ ಪತ್ರಿಕೆಗೆ ತೊಂಬತ್ತೊಂದು ಅಂಕ ಬಂದಿತ್ತು. ಬೇರೊಬ್ಬನ ಹೆಸರಿಗೆ.

ಅಷ್ಟರಲ್ಲಿ ರೇವಣ್ಣ ಮೇಷ್ಟ್ರು ನಾಲೆ ಕಡೆಯಿಂದ ಬಂದರು. ನಲವತ್ತು ದಾಟಿದ ಒಣಕಲು ಮನುಷ್ಯ, ಮುಖದಲ್ಲಿ ಸದಾ ಯಾವುದೋ ಲೆಕ್ಕ ಮಾಡುತ್ತಿರುವ ಕಳೆ. ನಕ್ಷೆ ನೋಡಿ, ಕಡ್ಡಿ ತಗೊಂಡು, ಎಡಗೈಯಿಂದ ಗೋದಾವರಿಯನ್ನು ಚೂರು ತಿದ್ದಿದರು. ಉಚ್ಚಂಗಮ್ಮ ನಕ್ಕಳು. ಮೇಷ್ಟ್ರ ಕೈ ಎಡ, ನಮ್ಮ ದೇಶ ಬುಡಮೇಲು, ಇನ್ನ ಪಾಸಾಗೋದು ಹೆಂಗೆ ಅಂತ ಕೆಣಕಿದಳು.

ಮೇಷ್ಟ್ರು ನಗಲಿಲ್ಲ. ಪರೀಕ್ಷೆಯ ದಿನ ತಾನೂ ಹರಿಹರದ ಸೆಂಟರಿನಲ್ಲೇ ಇದ್ದೆ, ಆಫೀಸಿನ ರೂಮಿನಲ್ಲಿ ಬಂಡಲು ಕಟ್ಟಲು ಜನ ಸಾಲದೆ ಕರೆದಿದ್ದರು ಅಂತ ನನಗೆ ಹೇಳಿದರು. ಪರೀಕ್ಷೆ ನಡೆಯುವ ಕೋಣೆಯೊಳಗೆ ಬಿಟ್ಟಿದ್ದರೆ ಇವಳ ಮುಖ ನೋಡಿಯೇ ಹೆಂಗೆ ಬರೆದಳು ಅಂತ ಹೇಳುತ್ತಿದ್ದೆ ಅಂದರು.

“ಶನಿವಾರಕ್ಕೆ ಏನಾದ್ರೂ ಆಗ್ತೈತೇನು ಭರಮಣ್ಣ?” ಅಂತ ಕೇಳುವಾಗ ಅವರ ದನಿ ಸಣ್ಣದಾಗಿತ್ತು.

ಶನಿವಾರ ಅಂದರೆ ನಾಡಿದ್ದು. ಚಿತ್ರದುರ್ಗದಿಂದ ವಿದ್ಯಾಧಿಕಾರಿ ಸಾಹೇಬರು ಹರಿಹರಕ್ಕೆ ಬರುವ ದಿನ. ಉಚ್ಚಂಗಮ್ಮ ಸೇರಬೇಕೆಂದಿದ್ದ, ಮೇಡಂಗಳನ್ನು ತಯಾರು ಮಾಡುವ ತರಬೇತಿ ಶಾಲೆಗೆ ಹುಡುಗಿಯರನ್ನು ಆರಿಸಿ ಮುಗಿಸುವ ದಿನವೂ ಅದೇ. ಚಿತ್ರದುರ್ಗಕ್ಕೆ ಹೋಗಿ ಕಂಡಾಗ ಸಾಹೇಬರು ನನಗೆ ಒಂದೇ ಮಾತು ಹೇಳಿದ್ದರು. ಪತ್ರಿಕೆ ಅದಲುಬದಲಾಗಿದೆ ಅನ್ನೋದಾದರೆ ಮಾಡಿದವನ ಹೆಸರು ತಗೊಂಡು ಬಾ. ಹೆಸರಿದ್ದರೆ ಬೆಂಗಳೂರಿಗೆ ಬರೆದು ಅವಳಿಗೊಂದು ಸೀಟು ಉಳಿಸುತ್ತೇನೆ. ಹೆಸರಿಲ್ಲದಿದ್ದರೆ ಅದು ಫೇಲಾದವರ ಗೋಳು, ವರ್ಷಕ್ಕೆ ನೂರು ಕೇಳುತ್ತೇನೆ.

ಹೆಸರು ತರ್ತೀನಿ ಮೇಷ್ಟ್ರೇ ಅಂದೆ. ಅವರು ಬೂದಿಯ ಚಿಪ್ಪನ್ನು ಎತ್ತಿಕೊಂಡು ಕಣದ ಆ ತುದಿಗೆ ಹೋದರು.

*

ಬಸ್ಸಿನಲ್ಲಿ ದಾವಣಗೆರೆಗೆ ವಾಪಸು ಬರುವಾಗ ಹಿಂದಿನ ದಿನದ ಮಾತನ್ನು ತಿರುತಿರುಗಿ ನೆನೆದೆ.

ಹರಿಹರ ಸೆಂಟರಿನ ಸಮಾಜ ಪತ್ರಿಕೆಗಳನ್ನು ತಿದ್ದಿದವರು ದಾವಣಗೆರೆಯ ವಾಮದೇವಪ್ಪ ಮೇಷ್ಟ್ರು. ಯಾರ ಪತ್ರಿಕೆ ಯಾವುದು ಅಂತ ಅವರಿಗೆ ಗೊತ್ತಿರುವುದಿಲ್ಲ, ನಂಬರು ಮಾತ್ರ. ಆದರೂ ಒಂದನ್ನು ಮರೆತಿರಲಿಲ್ಲ. ತಲೆಕೆಳಗಾದ ನಕ್ಷೆ. ಮೊದಲು ಬೈದರಂತೆ, ಆಮೇಲೆ ಪತ್ರಿಕೆ ತಿರುಗಿಸಿ ನೋಡಿ ನಕ್ಷೆಗೆ ಪೂರ್ತಿ ಅಂಕ ಕೊಟ್ಟರಂತೆ. ಕಟ್ಟಿನಲ್ಲೇ ಹೆಚ್ಚು ಅಂಕ ಅದಕ್ಕೆ. ಫಲಿತಾಂಶ ಬಂದ ಮೇಲೆ, ಹರಿಹರ ಸೆಂಟರಿನಲ್ಲಿ ಸಮಾಜಕ್ಕೆ ತೊಂಬತ್ತೊಂದು ತೆಗೆದ ಹುಡುಗ ಅಂತ ಮಂಡಿಪೇಟೆಯ ಅರಳೆ ಸಾವ್ಕಾರ ಬಕ್ಕೇಶಪ್ಪನವರ, ಹರಿಹರದಲ್ಲಿ ಓದಿದ ಮಗನಿಗೆ ಸನ್ಮಾನ ಮಾಡಿದಾಗ ಇವರೂ ಹೋಗಿ, ಆ ನಕ್ಷೆಯ ಕಥೆಯನ್ನು ಸಭೆಯಲ್ಲೇ ಹೇಳಿ ಹೊಗಳಿದರಂತೆ. ಹುಡುಗ ಹಾರ ಹಾಕಿಕೊಂಡು ಬೆವರುತ್ತ ನಿಂತಿದ್ದನಂತೆ. ಸಂಕೋಚದ ಹುಡುಗ ಅಂದರು ವಾಮದೇವಪ್ಪನವರು.

ಸಂಕೋಚ! ಇವರು ಹುಡುಗರ ಉತ್ತರ ತಿದ್ದುತ್ತಾರೆ, ಮುಖ ಓದಲು ಬರುವುದಿಲ್ಲ. ಹತ್ತು ವರ್ಷ ಕಲಿತದ್ದನ್ನು ಮೂರು ತಾಸಿನಲ್ಲಿ ಕಕ್ಕಿಸಿ, ಹಾಳೆಗಳನ್ನು ದಾರದಲ್ಲಿ ಕಟ್ಟಿಸಿ, ಮೇಲೊಂದು ನಂಬರಿನ ಹಾಳೆ ಇಟ್ಟು, ಆ ನಂಬರೇ ಮನುಷ್ಯ ಅಂತ ನಂಬುತ್ತಾರೆ. ಮೇಲಿನ ಹಾಳೆಯಲ್ಲಿ ನಂಬರು ಬಿಟ್ಟರೆ ಏನೂ ಇರುವುದಿಲ್ಲ. ಉತ್ತರವೆಲ್ಲ ಒಳಗಿನ ಹಾಳೆಗಳಲ್ಲಿ. ದಾರ ಬಿಚ್ಚಿ, ಎರಡು ಪತ್ರಿಕೆಗಳ ಮೇಲಿನ ಹಾಳೆ ಬದಲಿಸಿ, ಮತ್ತೆ ಕಟ್ಟಿದರೆ ಮುಗಿಯಿತು. ಹುಡುಗಿಯ ತಲೆ ಹುಡುಗನ ಹೆಗಲ ಮೇಲೆ.

ಇನ್ನೊಂದು ವಿಷಯ ವಾಮದೇವಪ್ಪನವರು ನಗುತ್ತಾ ಹೇಳಿದ್ದರು. ಆ ಪತ್ರಿಕೆಯ ದಾರದ ಗಂಟು ಎಷ್ಟು ಬಿಗಿ ಇತ್ತೆಂದರೆ ಹಾಳೆ ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಉಗುರು ಮುರಿಯಿತೇ ಹೊರತು ಗಂಟು ಬಿಚ್ಚಲಿಲ್ಲ. ಬ್ಲೇಡಿನಿಂದ ಕೊಯ್ದು, ಬೇರೆ ದಾರ ಹಾಕಿದರು.

ಕೊಯ್ದ ದಾರ ಏನಾಯಿತು ಅಂತ ಕೇಳಿದ್ದಕ್ಕೆ ಅವರ ಮನೆಯವರು ಗುರುಶಾಂತಮ್ಮ ಒಳಗಿನಿಂದ ಡಬ್ಬಿ ತಂದಿಟ್ಟರು. ಪತ್ರಿಕೆ ತಿದ್ದುವ ಮನೆಯಲ್ಲಿ ಬೇಸಿಗೆ ತುಂಬ ಮಲ್ಲಿಗೆ ಕಟ್ಟಲು ದಾರ ಕೊಳ್ಳುವುದಿಲ್ಲವಂತೆ. ಬಿದ್ದ ತುಂಡುಗಳನ್ನೆಲ್ಲ ಆ ಡಬ್ಬಿಗೆ ಹಾಕುವುದು, ಗಂಟು ಹಾಕಿ ಉದ್ದ ಮಾಡುವುದು. ಆ ಕೊಯ್ದ ತುಂಡು ಮಾತ್ರ ಹೂವಿಗೆ ಒರಟಾಯಿತು ಅಂತ ತಳದಲ್ಲೇ ಉಳಿದಿತ್ತು. ಗಂಟು ಹಂಗೇ ಇತ್ತು, ಹುರುಳಿ ಕಾಳಿನಷ್ಟು ಗಟ್ಟಿ. ಆಗ ಅದರ ಬೆಲೆ ತಿಳಿಯದೇ, ಸುಮ್ಮನೆ ಇರಲಿ ಅಂತ ಜೇಬಿಗೆ ಹಾಕಿಕೊಂಡಿದ್ದೆ.

*

ಬಕ್ಕೇಶಪ್ಪನವರ ಅಂಗಡಿಯಲ್ಲಿ ಅರಳೆಯ ಮಾದರಿಗಳನ್ನು ನೀಲಿ ಕಾಗದದ ಮೇಲೆ ಹರವಿದ್ದರು. ಕೂಡ್ರಿ ಅಂದರು, ಚಹಾ ತರಿಸಿದರು. ಹಣೆ ತುಂಬ ವಿಭೂತಿ, ಮೆತ್ತನೆ ಮಾತು. ಮಗ ಮುರಿಗೇಶ ಗಾದಿಯ ಮೂಲೆಯಲ್ಲಿ ಕೂತು ಅರಳೆ ಎಳೆ ಎಳೆದು ಉದ್ದ ನೋಡುತ್ತಿದ್ದ. ಅವನ ಸನ್ಮಾನದ ಫೋಟೋ ಅವನ ತಲೆಯ ಮೇಲೇ ತೂಗಿತ್ತು.

ನಾನು ಬಂದ ವಿಷಯ ಸುತ್ತಿ ಬಳಸಿ ಹೇಳಲಿಲ್ಲ. ಈ ಅರಳೆಯಲ್ಲೇ ಭಾರತದ ನಕ್ಷೆ ಹಾಕು ತಮ್ಮಾ ಅಂದೆ.

ಹುಡುಗ ಅಪ್ಪನ ಮುಖ ನೋಡಿದ. ಬಕ್ಕೇಶಪ್ಪನವರು ನಕ್ಕು, ತೊಂಬತ್ತೊಂದು ತೆಗೆದವನಿಗೆ ಅದೇನು ಮಹಾ, ಹಾಕು ಅಂದರು. ಮುರಿಗೇಶ ಅರಳೆಯ ಒಂದು ಎಳೆ ತಗೊಂಡು ಕಾಶ್ಮೀರದ ಕಡೆಯಿಂದ ಸುರು ಮಾಡಿದ. ಗುಜರಾತಿನವರೆಗೆ ಬಂದು ನಿಂತ. ಎಳೆ ಬೆರಳಿಗೆ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಹೋಗಿ ಕಾಶ್ಮೀರವೂ ಕಿತ್ತು ಬಂತು.

“ಕನ್ಯಾಕುಮಾರಿಯಿಂದ ಸುರು ಮಾಡಿದ್ರೆ ಬರ್ತೈತೇನು?” ಅಂದೆ.

ಅವನು ಕೈ ಹಿಂದಕ್ಕೆ ತಗೊಂಡ.

“ನಾನು ನಕ್ಷೆ ಬಿಡಿಸೇ ಇಲ್ಲ,” ಅಂದ.

ಬಕ್ಕೇಶಪ್ಪನವರ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಏನಂದೆ ಅಂತ ಕೇಳಿದರು.

“ಪರೀಕ್ಷೆಯಾಗ ನಕ್ಷೆ ಬಿಟ್ಟು ಬಂದೆ ಅಪ್ಪಾಜಿ. ಅರ್ಧ ಪ್ರಶ್ನೆ ಬಿಟ್ಟೆ. ಫೇಲ್ ಆಗ್ತೀನಿ ಅಂತ ಗೊತ್ತಿತ್ತು. ಆ ಮೇಷ್ಟ್ರು ಸಭೆಯಾಗ ನಕ್ಷೆ ಅಂದಾಗ ನನಗ ಹಾರ ಕುತ್ತಿಗಿಗೆ ಸುತ್ತಿಕೊಂಡಂಗಾತು.”

ಅವನು ಇನ್ನೂ ಏನೇನೋ ಹೇಳಿದ. ಪಾಸಾದೆ ಅಂತ ಮನೆಯವರು ಕುಣಿಯುವಾಗ ಬಾಯಿ ಬರಲಿಲ್ಲವಂತೆ. ಎರಡು ಸಲ ಹೇಳಲು ಬಂದು, ಅಪ್ಪ ಗಿರಾಕಿಗಳ ಮುಂದೆ ಅವನ ಬೆನ್ನು ತಟ್ಟುತ್ತಿದ್ದುದನ್ನು ನೋಡಿ ಹಿಂದಕ್ಕೆ ಹೋದನಂತೆ. ಕೊನೆಗೆ ನನ್ನ ಕಡೆ ತಿರುಗಿದ.

“ಆ ನಕ್ಷೆ ಯಾರದ್ರಿ?”

“ಭಾನುವಳ್ಳಿಯ ಒಂದು ಹುಡುಗಿದು. ನಿನ್ನ ಹತ್ತೊಂಬತ್ತು ಅವಳಿಗೆ ಹೋತು. ಮೇಡಂ ಆಗಬೇಕು ಅಂತಿದ್ದಳು.”

ಬಯ್ಯಲೆಂದೇ ಬಂದವನು ನಾನು. ಬಾಯಿಗೆ ಬಂದಿದ್ದ ಬೈಗುಳ ಒಂದೂ ಹೊರಬೀಳಲಿಲ್ಲ. ಅವನದೂ ಅದೇ ವಯಸ್ಸು. ಅವನನ್ನೂ ಒಂದು ನಂಬರು ಮಾಡಿ ಗೋಡೆಗೆ ತೂಗುಹಾಕಿದ್ದರು. ಸಾಹೇಬರ ಮುಂದೆ ಬಂದು ಹೇಳ್ತೀನಿ ಅಂತ ಅವನಾಗಿಯೇ ಅಂದ.

ಮಗನನ್ನು ಒಳಗೆ ಕಳಿಸಿ ಬಕ್ಕೇಶಪ್ಪನವರು ಬಾಗಿಲು ಮುಂದೆ ಮಾಡಿದರು. ಎಷ್ಟಕ್ಕೆ ಮಾಡಿಸಿದ್ರಿ ಸಾವ್ಕಾರ್ರೇ ಅಂತ ನಾನು ಕೇಳಿಯೇ ಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಅಂಗಿಯ ಒಳಗೆ ಕೈ ಹಾಕಿ ಕೊರಳ ಲಿಂಗ ಹಿಡಿದರು. ಯಾರಿಗೂ ಹೇಳಿಲ್ಲ, ಯಾರನ್ನೂ ಕೇಳಿಲ್ಲ, ಮಗ ಪಾಸಾದ ಸುದ್ದಿ ಪೇಪರಿನಲ್ಲಿ ನೋಡಿಯೇ ತಿಳಿದದ್ದು ಅಂದರು. ಸುಳ್ಳು ಹೇಳುವವನು ಮುಖ ನೋಡುತ್ತಾನೆ. ಇವರು ನೆಲ ನೋಡುತ್ತಿದ್ದರು, ಬಿದ್ದದ್ದನ್ನು ಹುಡುಕುವವರ ಹಾಗೆ. ನಾನು ನಂಬಿದೆ.

ಹಂಗಾದರೆ ಕೇಳದೇ ಇದ್ದರೂ ಇವರ ಮಗನನ್ನು ದಾಟಿಸಿದವನು ಯಾರು?

ಜೇಬಿನಿಂದ ದಾರದ ಗಂಟು ತೆಗೆದು ಗಾದಿಯ ಮೇಲಿಟ್ಟೆ. ನಿಮ್ಮ ಮಗನ ನಂಬರಿಗೆ ಆ ಪತ್ರಿಕೆ ಕಟ್ಟಿದ ದಾರ ಇದು ಅಂದೆ.

ಅವರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

“ಇದು ಅರಳೆ ಪಿಂಡಿ ಕಟ್ಟೋ ಗಂಟು. ನಮ್ಮ ಪ್ರೆಸ್ಸಿಂದು.”

ಅರಳೆ ಅದುಮಿ ಪಿಂಡಿ ಕಟ್ಟುತ್ತಿದ್ದ ಅವರ ಪ್ರೆಸ್ಸು ಮುಚ್ಚಿ ವರ್ಷಗಳಾಗಿದ್ದವು. ಅಲ್ಲಿ ಕೆಲಸ ಮಾಡಿದವರೆಲ್ಲ ಈ ಗಂಟು ಕಲಿತವರೇ, ಚದುರಿ ಹೋಗಿದ್ದಾರೆ ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬೆರಳು ಆ ಗಂಟಿನ ಮೇಲೆ ಆಡುತ್ತಲೇ ಇತ್ತು. ಎಲ್ಲರೂ ಬಲಕ್ಕೆ ಸುತ್ತುತ್ತಾರೆ, ಇದು ಎಡಕ್ಕೆ ಸುತ್ತಿದೆ. ಎಡಗೈಯವನ ಗಂಟು. ಇಡೀ ಪ್ರೆಸ್ಸಿನಲ್ಲಿ ಅಂಥವನು ಒಬ್ಬನೇ ಇದ್ದ.

ಹೆಸರು ಹೇಳ್ರಿ ಅಂದೆ.

“ಹೇಳಲ್ಲಪ್ಪ. ಕಳವು ಮಾಡ್ಯಾನೆ ಅಂತ ಯಾರೋ ಹೇಳಿದ್ದು ನಂಬಿ, ಜನರ ಮುಂದೆ ಅವನ ಅಂಗಿ ಬಿಚ್ಚಿಸಿ, ಮೈಯೆಲ್ಲಾ ತಡಕಿಸಿ ಝಡತಿ ಮಾಡಿಸಿ ಹೊರಗೆ ಹಾಕಿದವ ನಾನು. ಆಮ್ಯಾಲೆ ಗೊತ್ತಾತು ಕದ್ದಿದ್ದು ಬೇರೆಯವ ಅಂತ. ಇನ್ನೊಂದು ಸಲ ಅವನ ಹೆಸರು ನನ್ನ ಬಾಯಿಂದ ಬರಬಾರದು.” ಅವರು ಗಂಟನ್ನು ನನ್ನ ಅಂಗೈಗೆ ವಾಪಸು ಇಟ್ಟರು. “ನನಗೆ ಕೆಟ್ಟದ್ದು ಮಾಡಾಕ ಅವನಿಗೆ ನೂರು ಕಾರಣ ಅದಾವೆ. ಒಳ್ಳೇದು ಮಾಡಾಕ ಒಂದೂ ಇಲ್ಲ. ಅದೇ ನನಗೆ ಹೆದರಿಕೆ.”

ಅವರು ಹೇಳದಿದ್ದರೂ ನನ್ನ ಕಣ್ಣ ಮುಂದೆ ಒಂದು ಎಡಗೈ ಗೋದಾವರಿಯನ್ನು ತಿದ್ದುತ್ತಿತ್ತು. ಅಲ್ಲ, ಆಗಿರಲಾರದು ಅಂತ ನನಗೆ ನಾನೇ ಹೇಳಿಕೊಂಡೆ. ಲೋಕದಲ್ಲಿ ಎಡಗೈಯವರು ಎಷ್ಟು ಜನ ಇಲ್ಲ.

*

ಭಾನುವಳ್ಳಿಯಲ್ಲಿ ಬಸ್ಸಿಳಿದಾಗ ದನಗಳು ಮನೆಗೆ ಬರುತ್ತಿದ್ದವು.

ಕಣದಲ್ಲಿ ಬೆಳಗಿನ ನಕ್ಷೆ ಅರ್ಧ ಅಳಿಸಿತ್ತು, ಕೋಳಿಗಳು ಹಿಮಾಲಯ ಕೆದರಿದ್ದವು. ಓಬವ್ವ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಉಚ್ಚಂಗಮ್ಮ ನಾಡಿದ್ದಿಗೆ ಅಂತ ಸೀರೆ ಒಗೆದು ಹರವಿದ್ದಳು, ಯಾರೂ ಅವಳಿಗೆ ಆಸೆ ಕೊಟ್ಟಿರಲಿಲ್ಲವಾದರೂ. ಏನಣ್ಣ, ಹೆಸರು ಸಿಕ್ತೇನು ಅಂತ ಓಡಿ ಬಂದಳು.

ಸಿಗ್ತೈತೆ ತಂಗಿ ಅಂದೆ.

ರೇವಣ್ಣ ಮೇಷ್ಟ್ರು ಕಂಬಕ್ಕೆ ಒರಗಿ ಕೂತು ಅವಳ ಪುಸ್ತಕಗಳನ್ನು ಜೋಡಿಸುತ್ತಿದ್ದರು. ಸೀಟು ಸಿಕ್ಕರೆ ಅಲ್ಲಿಗೆ, ಸಿಗದಿದ್ದರೆ ಅಕ್ಟೋಬರಿನ ಪರೀಕ್ಷೆಗೆ, ಎರಡಕ್ಕೂ ಬೇಕಾಗುತ್ತವೆ ಅಂದರು. ಒಂದರ ಮೇಲೊಂದು ಇಟ್ಟು, ಗೋಣಿದಾರ ಸುತ್ತಿದರು. ನಾನು ಅವರ ಮುಖ ನೋಡಲಿಲ್ಲ. ಕೈ ನೋಡಿದೆ.

ದಾರ ಎಡಕ್ಕೆ ಹೋಯಿತು. ಒಳಗಿನಿಂದ ಬಂತು. ಮತ್ತೆ ಎಡಕ್ಕೆ. ಹಲ್ಲಿನಿಂದ ಒಂದು ತುದಿ ಹಿಡಿದು, ಮೊಣಕಾಲು ಊರಿ ಎಳೆದರು. ಹುರುಳಿ ಕಾಳಿನಂಥ ಗಂಟು ಬಿತ್ತು.

ನನ್ನ ಜೇಬಿನಲ್ಲಿದ್ದ ಗಂಟನ್ನು ಬೆರಳಿನಿಂದ ಮುಟ್ಟಿದೆ. ನೋಡಬೇಕಾಗಿರಲಿಲ್ಲ.

ಈ ಹುಡುಗಿಗೆ ದೇಶ ತೋರಿಸಿದ ಕೈ ಅದು. ಹೆಣ್ಣುಮಕ್ಕಳನ್ನು ಎದುರಿಗಾದರೂ ಕೂಡ್ರಲು ಬಿಡಿ ಅಂತ ಊರ ಹಿರಿಯರ ಕಾಲು ಹಿಡಿದ ಕೈ. ಶನಿವಾರ ಸಾಹೇಬರ ಮುಂದೆ ಈ ಕೈಯ ಹೆಸರು ಹೇಳಿದರೆ ಉಚ್ಚಂಗಮ್ಮ ಮೇಡಂ ಆಗುತ್ತಾಳೆ. ಮಾರನೇ ದಿನದಿಂದ ಈ ಕಣಕ್ಕೆ ಒಬ್ಬ ತಾಯಿಯೂ ಮಗಳನ್ನು ಕಳಿಸುವುದಿಲ್ಲ. ಹೇಳದಿದ್ದರೆ ಆ ಸೀರೆ ಮಡಿಚಿ ಪೆಟ್ಟಿಗೆ ಸೇರುತ್ತದೆ.

ಇಷ್ಟಕ್ಕೂ ಯಾಕೆ? ತನ್ನ ಅಂಗಿ ಬಿಚ್ಚಿಸಿದವನ ಮಗನಿಗೆ, ತನ್ನ ಕೈಯಾರೆ ಬೆಳೆಸಿದವಳ ಉತ್ತರ ಯಾಕೆ?

ಉಚ್ಚಂಗಮ್ಮ ಕಟ್ಟನ್ನು ಎತ್ತಿಕೊಂಡು, ಭೂಗೋಳದ ಪುಸ್ತಕ ಹೊರಗಿರಲಿ ಅಂತ ಗಂಟಿಗೆ ಉಗುರು ಹಾಕಿದಳು. ಬರಲಿಲ್ಲ. ನಗುತ್ತಾ ನನ್ನ ಮುಂದೆ ಹಿಡಿದಳು.

“ನೀನಾದ್ರೂ ಬಿಚ್ಚಣ್ಣ. ಮೇಷ್ಟ್ರು ಕಟ್ಟಿದ್ದು ನಮ್ಮ ಕೈಲಿ ಆಗಲ್ಲ.”

ನನ್ನ ಕೈ ಜೇಬಿನಲ್ಲೇ ಇತ್ತು. ಹೊರಗೆ ತೆಗೆದರೆ ಗಂಟೂ ಹೊರಗೆ ಬರುತ್ತಿತ್ತು.

ಮೇಷ್ಟ್ರು ನನ್ನ ಜೇಬಿನ ಕಡೆ ನೋಡಿದರು. ಆಮೇಲೆ ಎದ್ದು, ಮೊದಲು ನನ್ನನ್ನಲ್ಲ, ಅವಳನ್ನು ಕರೆದರು.

“ಕೂಡು ಉಚ್ಚಂಗಿ. ಹೆಸರು ಭರಮಣ್ಣ ಹೇಳಾಕಿಂತ ಮುಂಚೆ, ನೀನು ನನ್ನ ಬಾಯಿಂದ ಒಂದು ಮಾತು ಕೇಳಬೇಕು. ಆವತ್ತು ಆ ರೂಮಿನಾಗ ನಾನು ಒಬ್ಬನೇ ಇರಲಿಲ್ಲ.”

ಜಗಲಿಯ ಮೇಲೆ ಓಬವ್ವನ ಕೈಯಿಂದ ಶೇಂಗಾದ ಮೊರ ಜಾರಿ ನೆಲಕ್ಕೆ ಬಿತ್ತು. ಕೈಬರಹ ಕದ್ದಾರೆ ಅಂತ ಅವಳಿಗೆ ಮೊದಲೇ ಹೆಂಗೆ ಗೊತ್ತಿತ್ತು ಅನ್ನೋದು ನನಗೆ ಆಗ ಹೊಳೆಯಿತು, ಆ ರೂಮಿನಲ್ಲಿದ್ದ ಇನ್ನೊಬ್ಬಳು ಅವಳೇ.